ಕೋಷ್ಟಕದೊಳಗಿನ ಎಂಜಿನ್: ಹಳೆಯ ಸ್ಪೋರ್ಟ್ಸ್ ಕಾರಿನ ಇಸಿಯು ಟ್ಯೂನಿಂಗ್ ಎಂದರೇನು?

ಬದಿಯಡ್ಕ ಪೇಟೆಯಲ್ಲಿ ಟಿವಿ, ಇನ್ವರ್ಟರ್ ದುರಸ್ತಿ ಮಾಡಿಕೊಂಡಿರುವ ನನ್ನ ಮೇಜಿನ ಮೇಲೆ ಕಾರಿನ ಕಂಪ್ಯೂಟರ್, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಪೆಟ್ಟಿಗೆ, ಬಂದು ಕೂರುವುದು ದಿನನಿತ್ಯದ ಸಂಗತಿಯಲ್ಲ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅದೂ ಬಂತು. ದುಬೈಯಲ್ಲಿ ನೆಲೆಸಿರುವ ನನ್ನ ದೊಡ್ಡಪ್ಪನ ಮಗ, 1990ರ ದಶಕದ ತನ್ನ ಹೋಂಡಾ ಸಿಆರ್-ಎಕ್ಸ್ ಡೆಲ್ ಸೋಲ್ ಕಾರನ್ನು ಸುಂಕ ಕಟ್ಟದೆ ತಾತ್ಕಾಲಿಕವಾಗಿ ತರಲು ಬಿಡುವ ಕಾರ್ನೆಟ್ ಪತ್ರದ ಮೇಲೆ ಆರು ತಿಂಗಳ ಮಟ್ಟಿಗೆ ಊರಿಗೆ ತಂದಿದ್ದ. ಎರಡೇ ಸೀಟು, ಕಳಚಿ ಡಿಕ್ಕಿಯಲ್ಲಿ ಇಡಬಹುದಾದ ಮಾಡು, 1.6 ಲೀಟರಿನ ವಿಟೆಕ್ ಎಂಜಿನ್. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಅಯೋಗ್ಯವಾದ ಕಾರನ್ನು ಹುಡುಕುವುದು ಕಷ್ಟ. ಕಳಚುವ ಮಾಡು ಸೋರುವುದಕ್ಕೆ ಈ ಮಾದರಿ ಮೊದಲಿನಿಂದಲೂ ಹೆಸರುವಾಸಿ. ಆದರೆ ಅವನ ದೂರು ಸೋರಿಕೆಯದ್ದಾಗಿರಲಿಲ್ಲ. ಕುಂಬಳೆ, ಕಾಸರಗೋಡು, ಚೆರ್ಕಳ ಎಂದು ಸಮತಟ್ಟಿನ ರಸ್ತೆಯಲ್ಲಿ ಬೆಣ್ಣೆಯಂತೆ ಓಡುವ ಕಾರು, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಮಾತ್ರ ಡಬ್ಬಿಯಲ್ಲಿ ಒಣಗಿದ ಅಡಿಕೆ ಹಾಕಿ ಅಲ್ಲಾಡಿಸಿದಂತೆ ಸದ್ದು ಮಾಡುತ್ತಿತ್ತು, ಜೊತೆಗೆ ಎಳೆಯುವ ಶಕ್ತಿ ಕೂಡ ಕಡಿಮೆಯಾಗುತ್ತಿತ್ತು. ಸಮತಟ್ಟಿನಲ್ಲಿ ಸರಿಯಿದ್ದು ಘಾಟಿಯಲ್ಲಿ ಮಾತ್ರ ಕೆಡುವ ಕಾರು ಏಕೆ ಹಾಗೆ ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಿದರೆ, ಇಸಿಯು ಟ್ಯೂನಿಂಗ್ ಎಂಬ ವಿದ್ಯೆಯ ಮುಕ್ಕಾಲು ಭಾಗವನ್ನು ಹೇಳಿದಂತೆಯೇ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಪೆಟ್ರೋಲನ್ನು ಅಳೆದು ಕೊಡುತ್ತಿದ್ದುದು ಹರಿಯುವ ಗಾಳಿಯೇ. ಜೆಟ್ಟಿನ ತೂತು ಎಷ್ಟು ದೊಡ್ಡದು ಎಂಬುದಷ್ಟೇ ಮೆಕ್ಯಾನಿಕನ ಕೈಯಲ್ಲಿತ್ತು. 1967ರಲ್ಲಿ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ, ಪೆಟ್ರೋಲನ್ನು ಸಿಂಪಡಿಸುವ ವಿದ್ಯುನ್ಮಾನ ಇಂಜೆಕ್ಷನ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಮಾರುಕಟ್ಟೆಗೆ ಬಂದಾಗ ಆ ಅಳತೆಯ ಕೆಲಸ ಸರ್ಕ್ಯೂಟಿಗೆ ವರ್ಗವಾಯಿತು. 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಬಂದ ಮೊಟ್ರಾನಿಕ್, ಇಂಧನವನ್ನೂ ಕಿಡಿಯನ್ನೂ ಒಂದೇ ಡಿಜಿಟಲ್ ಪೆಟ್ಟಿಗೆಯೊಳಗೆ ತಂದಿತು. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ತಯಾರಾದ ಸ್ಪೋರ್ಟ್ಸ್ ಕಾರುಗಳ ಇಸಿಯುಗಳೆಲ್ಲ ಸ್ವಭಾವದಲ್ಲಿ ಹೆಚ್ಚುಕಡಿಮೆ ಒಂದೇ: ಕೆಲವು ಸೆನ್ಸರುಗಳನ್ನು ಓದುವುದು, ಅವುಗಳ ಪ್ರಕಾರ ಒಂದು ಕೋಷ್ಟಕದಲ್ಲಿ ಅಂಕಿಯನ್ನು ಹುಡುಕುವುದು, ಆ ಅಂಕಿಯ ಪ್ರಕಾರ ಇಂಜೆಕ್ಟರನ್ನು ತೆರೆದು ಕಿಡಿ ಹಾರಿಸುವುದು. ಇಂದಿನ ಕಾರುಗಳಂತೆ ಟಾರ್ಕ್ (ತಿರುಗಿಸುವ ಬಲ) ಎಷ್ಟು ಬೇಕೆಂದು ಹತ್ತಾರು ಘಟಕಗಳು ತಮ್ಮೊಳಗೆ ಮಾತಾಡಿಕೊಳ್ಳುವ ಗೋಜು ಅವುಗಳಲ್ಲಿಲ್ಲ. ಹಾಗಾಗಿಯೇ ಕಲಿಯುವವನಿಗೆ ಹಳೆಯ ಕಾರೇ ಒಳ್ಳೆಯ ಮೇಷ್ಟ್ರು.

ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ. ಈ ಎಂಜಿನ್ನಿನ ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 400 ಮಿಲಿಲೀಟರ್. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ ಒಂದು ಲೀಟರ್ ಗಾಳಿ ಸುಮಾರು 1.16 ಗ್ರಾಂ ತೂಗುತ್ತದೆ. ಸಿಲಿಂಡರು ಪೂರ್ತಿ ತುಂಬಿತೆಂದು ಇಟ್ಟುಕೊಂಡರೆ ಒಳಗಿರುವ ಗಾಳಿ 0.46 ಗ್ರಾಂ. ಪೂರ್ಣ ಶಕ್ತಿಯ ಹೊತ್ತಿನಲ್ಲಿ 13 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಎಂದಾದರೆ, ಬೇಕಾದ ಪೆಟ್ರೋಲು 0.036 ಗ್ರಾಂ, ಅಂದರೆ ಸುಮಾರು 0.048 ಮಿಲಿಲೀಟರ್. ಇದು ಒಂದು ಹನಿ ನೀರಿಗೆ ಸಮ. ನಿಮಿಷಕ್ಕೆ 240 ಮಿಲಿಲೀಟರ್ ಸುರಿಸಬಲ್ಲ ಇಂಜೆಕ್ಟರು ಒಂದು ಮಿಲಿಸೆಕೆಂಡಿಗೆ 0.004 ಮಿಲಿಲೀಟರ್ ಕೊಡುವುದರಿಂದ ಅದನ್ನು 12 ಮಿಲಿಸೆಕೆಂಡು ತೆರೆದಿಡಬೇಕಾಗುತ್ತದೆ. ಇಂಜೆಕ್ಟರಿನೊಳಗಿನ ವಿದ್ಯುತ್ಕಾಂತ, ಅಂದರೆ ಸೊಲೆನಾಯ್ಡ್, ಎಚ್ಚೆತ್ತು ಸೂಜಿಯನ್ನು ಎತ್ತುವಷ್ಟರಲ್ಲಿ ವ್ಯರ್ಥವಾಗುವ ಸುಮಾರು 1 ಮಿಲಿಸೆಕೆಂಡನ್ನೂ ಸೇರಿಸಿದರೆ 13 ಆಯಿತು. ಎಂಜಿನ್ ನಿಮಿಷಕ್ಕೆ 7600 ಸುತ್ತು ತಿರುಗುವಾಗ ಒಂದು ಪೂರ್ಣ ಚಕ್ರಕ್ಕೆ, ಅಂದರೆ ಎರಡು ಸುತ್ತಿಗೆ, ಸಿಗುವ ಸಮಯವೇ 15.8 ಮಿಲಿಸೆಕೆಂಡು. ಇಂಜೆಕ್ಟರು ಆ ಸಮಯದ ಶೇಕಡಾ 82ರಷ್ಟು ಹೊತ್ತು ತೆರೆದೇ ಇರುತ್ತದೆ. ಈ ಶೇಕಡಾವಾರನ್ನು ಡ್ಯೂಟಿ ಸೈಕಲ್ ಎನ್ನುತ್ತಾರೆ. ಇದು 85ರ ಮೇಲೆ ಹೋದರೆ ಇಂಜೆಕ್ಟರಿನ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಒಂದು ತೊಡಕು ಇದೆ. ಸಿಲಿಂಡರು ಪ್ರತಿ ಸಲವೂ ಪೂರ್ತಿ ತುಂಬುವುದಿಲ್ಲ. ಎಷ್ಟು ತುಂಬುತ್ತದೆ ಎಂಬುದು ವೇಗ, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು), ವಾಲ್ವು ತೆರೆಯುವ ರೀತಿ, ನಿಷ್ಕಾಸ ಕೊಳವೆಯ ಉದ್ದ ಮುಂತಾದ ಎಷ್ಟೋ ಸಂಗತಿಗಳ ಮೇಲೆ ನಿಂತಿದೆ. ಅದನ್ನು ಸೂತ್ರದಿಂದ ಹೇಳಲಾಗದು, ಅಳೆದೇ ತಿಳಿಯಬೇಕು. ಕಾರ್ಖಾನೆಯ ಎಂಜಿನಿಯರರು ಹಾಗೆ ಅಳೆದು ಬರೆದಿಟ್ಟದ್ದೇ ಮ್ಯಾಪ್, ಅಂದರೆ ಕೋಷ್ಟಕ. ಒಂದು ಬದಿಗೆ ಎಂಜಿನ್ನಿನ ವೇಗ, ಇನ್ನೊಂದು ಬದಿಗೆ ಗಾಳಿ ಒಳಹೋಗುವ ಕೊಳವೆಯ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನ, ಒಳಗಿನ ಒತ್ತಡ. ಆ ಒತ್ತಡವನ್ನು ಅಳೆಯುವ ಸೆನ್ಸರಿನ ಹ್ರಸ್ವನಾಮವೂ ಮ್ಯಾಪ್ ಎಂದೇ ಆಗಿರುವುದರಿಂದ, ಕನ್ನಡದಲ್ಲಿ ಬರೆಯುವಾಗ ಎರಡೂ ಒಂದೇ ಅಕ್ಷರಗಳಲ್ಲಿ ಬಂದು ಗೊಂದಲವಾಗುತ್ತದೆ. ನಾನು ಒಂದನ್ನು ಕೋಷ್ಟಕ, ಇನ್ನೊಂದನ್ನು ಒತ್ತಡದ ಸೆನ್ಸರ್ ಎಂದು ಕರೆಯುತ್ತೇನೆ. ಈ ಹೋಂಡಾದಲ್ಲಿ ಇಂಧನಕ್ಕೆ ಎರಡು, ಕಿಡಿಗೆ ಎರಡು ಕೋಷ್ಟಕಗಳಿವೆ. ಸುಮಾರು 5500 ಸುತ್ತಿನ ಹೊತ್ತಿಗೆ ವಿಟೆಕ್ ವ್ಯವಸ್ಥೆಯು ವಾಲ್ವುಗಳನ್ನು ಬೇರೊಂದು ಕ್ಯಾಮಿಗೆ (ವಾಲ್ವನ್ನು ಒತ್ತಿ ತೆರೆಯುವ ಉಬ್ಬಿಗೆ) ವರ್ಗಾಯಿಸುತ್ತದೆ, ಆಗ ಉಸಿರಾಟದ ರೀತಿಯೇ ಬದಲಾಗುವುದರಿಂದ ಲೆಕ್ಕದ ಪುಸ್ತಕವನ್ನೂ ಬದಲಿಸಬೇಕಾಗುತ್ತದೆ. ಎಂಜಿನ್ 2250 ಸುತ್ತಿನಲ್ಲಿ, 45 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ಇದೆ, ಕೋಷ್ಟಕದಲ್ಲಿ ಇರುವುದು 2000 ಮತ್ತು 2500, 40 ಮತ್ತು 50ರ ಮನೆಗಳು ಮಾತ್ರ ಎಂದಾದರೆ, ಇಸಿಯು ಆ ನಾಲ್ಕು ಮನೆಗಳ ನಡುವಿನ ಬೆಲೆಯನ್ನು ತಾನೇ ತೂಗಿ ತೆಗೆಯುತ್ತದೆ. ಒಂದು ಮನೆಯನ್ನು ತಿದ್ದಿದರೆ ಅದರ ಪ್ರಭಾವ ಅಕ್ಕಪಕ್ಕಕ್ಕೂ ಹಬ್ಬುವುದು ಇದರಿಂದಾಗಿ.

ಇಸಿಯುವಿಗೆ ಎಂಜಿನ್ ಗೊತ್ತಿಲ್ಲ. ಎಂಜಿನ್ನಿನ ಬಗ್ಗೆ ಕೋಷ್ಟಕ ಹೇಳಿದ ಮಾತು ಮಾತ್ರ ಗೊತ್ತು. ಆ ಮಾತು ನಿಜವಾಗಿರುವಂತೆ ನೋಡಿಕೊಳ್ಳುವುದನ್ನೇ ನಾನು ಟ್ಯೂನಿಂಗ್ ಎಂದು ತಿಳಿದಿದ್ದೇನೆ. ಕುದುರೆಶಕ್ತಿ ಹೆಚ್ಚಿಸುವುದು ಅದರ ಒಂದು ಸಣ್ಣ ಉಪಫಲ, ಅದೂ ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಬಹಳ ಸಣ್ಣದು.

ಹಾಗಾದರೆ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಹೇಗೆ? ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಪುಸ್ತಕದ ಲೆಕ್ಕ. ಆದರೆ ಸುಣ್ಣದ ಗುಣ ಪ್ರತಿ ಸಲ ಒಂದೇ ಇರುವುದಿಲ್ಲವಾದ್ದರಿಂದ, ಬಲ್ಲವರು ಉಜ್ಜಿ ಹೊಳಪಿಸಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ತುತ್ತ ಮಿಕ್ಕಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಕಾರಿನ ನಿಷ್ಕಾಸ ಕೊಳವೆಯಲ್ಲಿ ಕೂರಿಸಿದ ಲ್ಯಾಂಬ್ಡಾ ಸೆನ್ಸರ್ ಮಾಡುವ ಕೆಲಸ ಆ ಕತ್ತಿಯದ್ದೇ. ಉರಿದ ಮೇಲೆ ಆಮ್ಲಜನಕ ಉಳಿದಿದೆಯೇ ಇಲ್ಲವೇ ಎಂಬುದನ್ನು ನೋಡಿ ಅದು ಮಿಶ್ರಣವನ್ನು ಹೇಳುತ್ತದೆ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಂದ ಈ ಸೆನ್ಸರಿನ ಸಾಮಾನ್ಯ ರೂಪ ಕತ್ತಿಯಷ್ಟೇ ಒರಟು: ಮಿಶ್ರಣ ಗಾಢವಾಗಿದ್ದರೆ ಸುಮಾರು 0.9 ವೋಲ್ಟ್, ತೆಳುವಾಗಿದ್ದರೆ ಸುಮಾರು 0.1 ವೋಲ್ಟ್, ನಡುವೆ 0.45ರಲ್ಲಿ ಥಟ್ಟನೆ ಜಿಗಿತ. ಎಷ್ಟು ಗಾಢ, ಎಷ್ಟು ತೆಳು ಎಂದು ಅದು ಹೇಳದು. ಟ್ಯೂನಿಂಗಿಗೆ ಬೇಕಾದದ್ದು ಪ್ರಮಾಣವನ್ನೂ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್. ಇದೊಂದಿಲ್ಲದೆ ಕೋಷ್ಟಕಕ್ಕೆ ಕೈ ಹಾಕುವವರನ್ನು ನಾನು ನಂಬುವುದಿಲ್ಲ.

ಲ್ಯಾಂಬ್ಡಾ 1 ಎಂದರೆ ಇಂಧನವೆಲ್ಲ ಉರಿಯಲು ಎಷ್ಟು ಗಾಳಿ ಬೇಕೋ ಅಷ್ಟೇ ಇದೆ ಎಂದು. ಅದಕ್ಕಿಂತ ಕಡಿಮೆಯಾದರೆ ಗಾಢ, ಹೆಚ್ಚಾದರೆ ತೆಳು. ಸಮತಟ್ಟಿನ ರಸ್ತೆಯಲ್ಲಿ ಹದವಾಗಿ ಹೋಗುವಾಗ ಇಸಿಯು ಕಾರಿನ ಸ್ವಂತ ಸೆನ್ಸರನ್ನು ನೋಡುತ್ತ, ಒಂದಿಷ್ಟು ಪೆಟ್ರೋಲು ಕೂಡಿಸಿ, ಒಂದಿಷ್ಟು ಕಳೆದು, ಲ್ಯಾಂಬ್ಡಾ 1ರ ಸುತ್ತಲೇ ತೂಗಾಡುತ್ತಿರುತ್ತದೆ. ಇದನ್ನು ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಕೋಷ್ಟಕದಲ್ಲಿ ಶೇಕಡಾ ಎಂಟು ಹತ್ತರಷ್ಟು ತಪ್ಪಿದ್ದರೂ ಈ ತಿದ್ದುಪಡಿಯಲ್ಲಿ ಅದು ಮುಚ್ಚಿಹೋಗುತ್ತದೆ, ಚಾಲಕನಿಗೆ ಏನೂ ತಿಳಿಯುವುದಿಲ್ಲ. ಆದರೆ ಪೂರ್ತಿ ಥ್ರಾಟಲ್ ಒತ್ತಿದಾಗ ಎಂಜಿನ್ನಿಗೆ ಬೇಕಾದದ್ದು 0.87, 0.88ರಷ್ಟು ಗಾಢ ಮಿಶ್ರಣ, ಅದನ್ನು ಒರಟು ಸೆನ್ಸರಿನಿಂದ ಅಳೆಯಲಾಗದು. ಆಗ ಇಸಿಯು ಸೆನ್ಸರನ್ನು ಬಿಟ್ಟು ಕೋಷ್ಟಕವನ್ನೇ ಕಣ್ಣು ಮುಚ್ಚಿ ನಂಬುತ್ತದೆ. ಇದು ಓಪನ್ ಲೂಪ್. ಸಮತಟ್ಟಿನಲ್ಲಿ ಬೆಣ್ಣೆ, ಘಾಟಿಯಲ್ಲಿ ಅಡಿಕೆ ಡಬ್ಬಿ ಏಕೆ ಎಂಬ ಒಗಟಿನ ಅರ್ಧ ಇಲ್ಲಿ ಬಿಡಿಸಿದಂತಾಯಿತು. ಕೋಷ್ಟಕದ ಸುಳ್ಳು ಹೊರಬೀಳುವುದು ಭಾರ ಬಿದ್ದಾಗ ಮಾತ್ರ.

ಯಾವ ಸುಳ್ಳು? ಮೊದಲನೆಯದು ಪೆಟ್ರೋಲಿನದು. ದುಬೈಯ ಪಂಪುಗಳಲ್ಲಿ ಸಿಗುವುದು 95 ಮತ್ತು 98 ಆಕ್ಟೇನಿನ ಪೆಟ್ರೋಲು (ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲು ತಾನಾಗಿ ಸಿಡಿಯುವುದು ಕಡಿಮೆ). 2025ರ ಹೊತ್ತಿಗೆ ನಮ್ಮಲ್ಲಿ ಪಂಪಿನಿಂದ ಬರುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20. ಶುದ್ಧ ಪೆಟ್ರೋಲಿನ ಒಂದು ಗ್ರಾಮಿಗೆ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಗ್ರಾಂ ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಎರಡನ್ನೂ ಬೆರೆಸಿದರೆ ಇ20ಕ್ಕೆ 13.5 ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ತೂಕದಲ್ಲಿ ಸುಮಾರು ಶೇಕಡಾ 9, ಎಥನಾಲ್ ತುಸು ಭಾರವಾದ್ದರಿಂದ ಗಾತ್ರದಲ್ಲಿ ಶೇಕಡಾ 7ರಿಂದ 8ರಷ್ಟು ಹೆಚ್ಚು ಇಂಧನ ಬೇಕು. ಮೇಲಿನ ಲೆಕ್ಕದ 12 ಮಿಲಿಸೆಕೆಂಡು 12.9 ಆಗುತ್ತದೆ, ಡ್ಯೂಟಿ ಸೈಕಲ್ 82ರಿಂದ 88ಕ್ಕೆ ಏರುತ್ತದೆ. ಹಳೆಯ ಕೋಷ್ಟಕವನ್ನೇ ಇಟ್ಟುಕೊಂಡರೆ ಪೂರ್ಣ ಭಾರದಲ್ಲಿ ಮಿಶ್ರಣ ಅಷ್ಟರ ಮಟ್ಟಿಗೆ ತೆಳುವಾಗುತ್ತದೆ. ಸರಿಪಡಿಸಿದರೆ ಇಂಜೆಕ್ಟರಿಗೆ ಉಸಿರು ಬಿಡಲು ಹೊತ್ತಿರುವುದಿಲ್ಲ. ಹಳೆಯ ರಬ್ಬರ್ ಹೋಸುಗಳು ಎಥನಾಲಿಗೆ ಉಬ್ಬಿ ಬಿರಿಯುವುದು ಬೇರೆ ಕತೆ, ಅವನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ವೈಡ್‌ಬ್ಯಾಂಡ್ ಮೀಟರಿನ ಮುಖದ ಮೇಲೆ 14.7 ಎಂದು ಬಂದರೆ ಅದು ನಿಜವಾಗಿ ಅಳೆದ ಅನುಪಾತವಲ್ಲ. ಸೆನ್ಸರ್ ಅಳೆದ ಲ್ಯಾಂಬ್ಡಾ 1 ಎಂಬುದನ್ನು ಮೀಟರು ಪೆಟ್ರೋಲಿನ 14.7ರಿಂದ ಗುಣಿಸಿ ತೋರಿಸಿದ್ದು. ಟ್ಯಾಂಕಿನಲ್ಲಿ ಇ20 ಇದ್ದರೂ ಮೀಟರು 14.7 ಎಂದೇ ಹೇಳುತ್ತದೆ. ಅದನ್ನು ನೋಡಿ 13.5 ಬರಲೆಂದು ಪೆಟ್ರೋಲು ಸುರಿಯುವವರಿದ್ದಾರೆ. ಮೀಟರನ್ನು ಲ್ಯಾಂಬ್ಡಾಕ್ಕೆ ತಿರುಗಿಸಿಟ್ಟರೆ ಇಂಧನ ಯಾವುದಾದರೂ ಗುರಿ ಬದಲಾಗುವುದಿಲ್ಲ, ತಲೆನೋವೂ ಇಲ್ಲ.

ಎರಡನೆಯ ಸುಳ್ಳು ಚಿಪ್ಪಿನೊಳಗಿತ್ತು. ಈ ಕಾರಿನ ಇಸಿಯು ಇರುವುದು ಪ್ರಯಾಣಿಕನ ಕಾಲಬುಡದ ಕಾರ್ಪೆಟ್ಟಿನಡಿ. ಮಾಡು ಸೋರುವ ಕಾರಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನಾಲ್ಕು ತಿರುಪು ತೆಗೆದು ತಗಡಿನ ಮುಚ್ಚಳ ಎತ್ತಿದಾಗ, ಯಾರೋ ಹಿಂದಿನ ಮಾಲೀಕರು ಅದನ್ನು ಮುಂಚೆಯೇ ತೆರೆದಿದ್ದುದು ಕಂಡಿತು. ಆ ಕಾಲದ ಹೋಂಡಾ ಇಸಿಯುಗಳಲ್ಲಿ ಕಾರ್ಖಾನೆಯ ಪ್ರೋಗ್ರಾಮು ಪ್ರೊಸೆಸರಿನ ಒಳಗೇ ಅಚ್ಚಾಗಿರುತ್ತದೆ, ಅದನ್ನು ತಿದ್ದಲಾಗದು. ಆದರೆ ಬೋರ್ಡಿನ ಮೇಲೆ ಹೊರಗಿನ ಮೆಮೊರಿಗೆಂದು 28 ಕಾಲಿನ ಒಂದು ಖಾಲಿ ಜಾಗ, ಪಕ್ಕದಲ್ಲಿ 74ಎಚ್‌ಸಿ373 ಎಂಬ ಲ್ಯಾಚ್ ಚಿಪ್ಪಿಗೆ 20 ಕಾಲಿನ ಜಾಗ ಬಿಟ್ಟಿರುತ್ತಾರೆ. ಅವೆರಡನ್ನು ಬೆಸುಗೆ ಹಾಕಿ, ಜೆ1 ಎಂದು ಗುರುತಿರುವ ಕಡೆ ಒಂದು ತುಂಡು ತಂತಿ ಕೂಡಿಸಿದರೆ ಪ್ರೊಸೆಸರು ತನ್ನ ಒಳಗಿನದನ್ನು ಬಿಟ್ಟು ಹೊರಗಿನ ಚಿಪ್ಪನ್ನು ಓದತೊಡಗುತ್ತದೆ. ಇಲ್ಲಿ ಅದೆಲ್ಲ ಆಗಿತ್ತು. ಸಾಕೆಟಿನಲ್ಲಿ ಒಂದು 27ಸಿ256 ಕೂತಿತ್ತು. 32,768 ಬೈಟುಗಳ, ನೆತ್ತಿಯ ಮೇಲೆ ದುಂಡು ಗಾಜಿನ ಕಿಟಕಿಯಿರುವ ಇಪ್ರೋಮ್, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್ಪು. ಕಿಟಕಿಗೆ ಅಂಟಿಸಿದ್ದ ಕಾಗದದ ಚೀಟಿ ತೇವಕ್ಕೆ ಎದ್ದು ಅರ್ಧ ಮಡಚಿಕೊಂಡಿತ್ತು, ಒಳಗಿನ ಸಿಲಿಕಾನ್ ತುಂಡು ಟ್ಯೂಬ್‌ಲೈಟಿನ ಬೆಳಕಿಗೆ ನವಿಲುಗರಿಯ ಬಣ್ಣದಲ್ಲಿ ಮಿನುಗುತ್ತಿತ್ತು.

ಆ ಚೀಟಿ ಅಲಂಕಾರಕ್ಕಲ್ಲ. ಈ ಚಿಪ್ಪಿನ ನೆನಪು ಅಳಿಯುವುದು ನೇರಳಾತೀತ ಬೆಳಕಿಗೆ, 253.7 ನ್ಯಾನೋಮೀಟರ್ ತರಂಗಾಂತರದ ಪಾದರಸ ದೀಪದಡಿ ಹದಿನೈದಿಪ್ಪತ್ತು ನಿಮಿಷ ಇಟ್ಟರೆ ಎಲ್ಲ ಬೈಟುಗಳೂ ಎಫ್ಎಫ್ ಆಗಿ, ಅಂದರೆ ಖಾಲಿಯಾಗಿ, ಚಿಪ್ಪು ಹೊಸದಾಗುತ್ತದೆ. (ನಾನು ಬಳಸುವುದು ಹಳೆಯ ನೀರು ಶುದ್ಧೀಕರಣ ಯಂತ್ರದ ಯುವಿ ಟ್ಯೂಬನ್ನು ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿ ಮಾಡಿಕೊಂಡ ಸಾಧನ. ಡಬ್ಬಿಯ ಮುಚ್ಚಳ ಏಕೆಂದರೆ, ಆ ಬೆಳಕು ಕಣ್ಣಿಗೆ ಬಿದ್ದರೆ ಕಣ್ಣು ಕೆಟ್ಟಂತೆಯೇ.) ನೇರ ಬಿಸಿಲಿಗೆ ಸುಮಾರು ಒಂದು ವಾರ, ಕೋಣೆಯ ಟ್ಯೂಬ್‌ಲೈಟಿಗೆ ಸುಮಾರು ಮೂರು ವರ್ಷ ತೆರೆದಿಟ್ಟರೂ ಚಿಪ್ಪು ಮರೆಯತೊಡಗಬಹುದು ಎಂದು ತಯಾರಕರೇ ಬರೆದಿರುತ್ತಾರೆ. ಹಾಗಾಗಿ ಮೊದಲ ಕೆಲಸವಾಗಿ ಚಿಪ್ಪನ್ನು ಮೂರು ಸಲ ಓದಿ, ಮೂರು ಕಡತಗಳೂ ಅಕ್ಷರಶಃ ಒಂದೇ ಇವೆಯೇ ಎಂದು ತಾಳೆ ನೋಡಿದೆ. ಒಂದೇ ಇದ್ದವು. ಬಳಿಕ ಕಾರ್ಖಾನೆಯ ಮೂಲ ಕಡತದೊಡನೆ ಹೋಲಿಸಿದೆ. ಬದಲಾವಣೆ ಮಾಡಿದ ಮಹಾನುಭಾವ ಯಾರೋ, ಭಾರ ಹೆಚ್ಚಿರುವ ಸಾಲುಗಳ ಕಿಡಿಯ ಕೋಷ್ಟಕದಲ್ಲಿ ಪ್ರತಿಯೊಂದು ಮನೆಗೂ ಒಂದೇ ಸಮನೆ 4 ಡಿಗ್ರಿ ಕೂಡಿಸಿದ್ದರು, ಅದೇ ಸಾಲುಗಳಲ್ಲಿ ಇಂಧನವನ್ನು ನಾಲ್ಕು ಶೇಕಡಾದಷ್ಟು ಇಳಿಸಿದ್ದರು. ಪ್ರತಿ ಮನೆಗೂ ಒಂದೇ ಅಂಕಿ ಕೂಡಿಸಿದ್ದಾರೆಂದರೆ ಯಾರೂ ಏನನ್ನೂ ಅಳೆದಿಲ್ಲ ಎಂದೇ ಅರ್ಥ. 98 ಆಕ್ಟೇನಿನ ಪೆಟ್ರೋಲಿನಲ್ಲಿ ಅದು ಹೇಗೋ ನಡೆದುಹೋಗಿತ್ತು.

ಕಿಡಿಯ ಹೊತ್ತು ಏಕೆ ಅಷ್ಟು ಮುಖ್ಯ ಎಂಬುದನ್ನು ಇಲ್ಲಿ ಹೇಳಬೇಕು. ಕಿಡಿ ಹಾರಿದ ಕೂಡಲೇ ಸಿಲಿಂಡರು ಸ್ಫೋಟಿಸುವುದಿಲ್ಲ. ಒಣಹುಲ್ಲಿಗೆ ಒಂದು ತುದಿಯಿಂದ ಬೆಂಕಿ ಹಬ್ಬುವಂತೆ ಉರಿ ಹಬ್ಬಲು ಒಂದೆರಡು ಮಿಲಿಸೆಕೆಂಡು ಬೇಕು. 3000 ಸುತ್ತಿನ ವೇಗದಲ್ಲಿ ಕ್ರ್ಯಾಂಕು (ಪಿಸ್ಟನ್ನುಗಳು ತಿರುಗಿಸುವ ದಂಡ) ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. ಪಿಸ್ಟನ್ ತುತ್ತತುದಿ ಮುಟ್ಟಿ ಸುಮಾರು 15 ಡಿಗ್ರಿ ಇಳಿದಾಗ ಒತ್ತಡ ಗರಿಷ್ಠವಾಗಿದ್ದರೆ ಅತ್ಯುತ್ತಮ ತಳ್ಳು ಸಿಗುವುದರಿಂದ, ಕಿಡಿಯನ್ನು ಅದಕ್ಕೂ ಬಹಳ ಮೊದಲೇ ಹಾರಿಸಬೇಕು. ಇದೇ ಅಡ್ವಾನ್ಸ್. ತೀರ ಮೊದಲೇ ಹಾರಿಸಿದರೆ, ಹಬ್ಬುತ್ತಿರುವ ಉರಿಯೂ ಮೇಲೇರುತ್ತಿರುವ ಪಿಸ್ಟನ್ನೂ ಸೇರಿ ಮೂಲೆಯಲ್ಲಿ ಉಳಿದ ಮಿಶ್ರಣವನ್ನು ಹಿಂಡಿ ಬಿಸಿಮಾಡುತ್ತವೆ, ಅದು ಉರಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. 81 ಮಿಲಿಮೀಟರ್ ವ್ಯಾಸದ ಈ ಸಿಲಿಂಡರಿನಲ್ಲಿ ಆ ಸಿಡಿತ ಸುಮಾರು 7 ಕಿಲೋಹರ್ಟ್ಸಿನಲ್ಲಿ ಮೊಳಗುತ್ತದೆ. ಅಡಿಕೆ ಡಬ್ಬಿಯ ಸದ್ದು ಅದೇ. ಭಾರ ಹೆಚ್ಚಿದಷ್ಟೂ, ವೇಗ ಕಡಿಮೆಯಾದಷ್ಟೂ, ಮಿಶ್ರಣ ತೆಳುವಾದಷ್ಟೂ ಅದಕ್ಕೆ ಅನುಕೂಲ. ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲಿ 2500 ಸುತ್ತು ಎಂದರೆ ನಾಕಿಂಗಿಗೆ ಮದುವೆಯೂಟ ಬಡಿಸಿದಂತೆ.

ಇಷ್ಟಾದ ಮೇಲೂ ನಾನು ಕೋಷ್ಟಕಕ್ಕೆ ಕೈ ಹಾಕಲಿಲ್ಲ. ಯಂತ್ರದ ದೋಷವನ್ನು ಅಂಕಿಯಿಂದ ಮುಚ್ಚುವುದು ಈ ಕೆಲಸದ ದೊಡ್ಡ ಪಾಪ. ಸರ್ವಿಸ್ ಕನೆಕ್ಟರಿಗೆ ಜಂಪರ್ ಹಾಕಿ ಟೈಮಿಂಗ್ ಲೈಟಿನಿಂದ ನೋಡಿದರೆ ಐಡಲಿನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) 16 ಡಿಗ್ರಿ ಇರಬೇಕಾದ ಮೂಲ ಟೈಮಿಂಗ್ 18ರ ಆಚೆ ಇತ್ತು. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಸರಿಪಡಿಸಬೇಕಾಯಿತು. ಈ ಮೂಲವೇ ತಪ್ಪಿದ್ದರೆ ಕೋಷ್ಟಕದಲ್ಲಿ 20 ಎಂದು ಬರೆದದ್ದು ಎಂಜಿನ್ನಿನಲ್ಲಿ 22 ಆಗುತ್ತದೆ. ಇನ್ನೊಂದು ದೋಷ ಕೂಲೆಂಟ್ ಉಷ್ಣತೆಯ ಸೆನ್ಸರಿನದು. ಅದು ಬಿಸಿಯಾದಷ್ಟೂ ಪ್ರತಿರೋಧ ಇಳಿಯುವ ಥರ್ಮಿಸ್ಟರ್. 80 ಡಿಗ್ರಿಯ ಹೊತ್ತಿಗೆ ಸುಮಾರು 300 ಓಮ್ ಇರುತ್ತದೆ. ಕಡಲ ಬದಿಯ ಉಪ್ಪುಗಾಳಿಗೆ ಅದರ ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದು ಇನ್ನೂ 200 ಓಮ್ ಸೇರಿಕೊಂಡಿತ್ತು, ಹಾಗಾಗಿ ಇಸಿಯು ಎಂಜಿನ್ ಇನ್ನೂ ಅರುವತ್ತು ಚಿಲ್ಲರೆ ಡಿಗ್ರಿಯಲ್ಲಿದೆ ಎಂದು ತಿಳಿದು ಚಳಿಯ ಲೆಕ್ಕದಲ್ಲಿ ಪೆಟ್ರೋಲು ಕೂಡಿಸುತ್ತಿತ್ತು. ಇ20 ಮತ್ತು ಚಿಪ್ಪಿನ ದೋಷ ಮಿಶ್ರಣವನ್ನು ತೆಳುವಾಗಿಸುತ್ತಿದ್ದರೆ ಈ ಕಿಲುಬು ಗಾಢವಾಗಿಸುತ್ತಿತ್ತು. ಕಿಲುಬನ್ನು ತೆಗೆಯದೆ ಟ್ಯೂನ್ ಮಾಡಿದ್ದರೆ, ಮುಂದೆ ಯಾವುದೋ ಮೆಕ್ಯಾನಿಕ್ ಅದನ್ನು ಒರೆಸಿದ ದಿನ ನನ್ನ ಕೋಷ್ಟಕವೆಲ್ಲ ತಪ್ಪಾಗುತ್ತಿತ್ತು. ಇಂಜೆಕ್ಟರುಗಳನ್ನು ಶುಚಿಗೊಳಿಸಿ ನಾಲ್ಕೂ ಸಮ ಸುರಿಸುತ್ತವೆಯೇ ಎಂದು ನೋಡಿದ್ದು, ಕಂಪ್ರೆಷನ್ ಅಳೆದದ್ದು, ಬೋರ್ಡಿನ ಮೇಲೆ ಒಸರತೊಡಗಿದ್ದ ಎರಡು ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳನ್ನು ಬದಲಿಸಿದ್ದು ಇವೆಲ್ಲ ಇದೇ ಸರಣಿಯವು.

ಬಳಿಕ ಕಾರ್ಖಾನೆಯ ಮೂಲ ಕಿಡಿ ಕೋಷ್ಟಕವನ್ನೇ ಮತ್ತೆ ಇಟ್ಟು, ವೈಡ್‌ಬ್ಯಾಂಡ್ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ದಾಖಲಿಸುತ್ತ ಘಾಟಿ ಹತ್ತಿದೆವು. ಏರುದಾರಿ ಒಂದು ರೀತಿಯ ಬಡವರ ಡೈನೊ (ಎಂಜಿನ್ನಿಗೆ ಭಾರ ಕೊಟ್ಟು ಅದರ ಬಲ ಅಳೆಯುವ ಯಂತ್ರ): ಸಮತಟ್ಟಿನಲ್ಲಿ ಒಂದೆರಡು ಸೆಕೆಂಡು ಮಾತ್ರ ಸಿಗುವ 80, 90 ಕಿಲೋಪ್ಯಾಸ್ಕಲಿನ ಮನೆಗಳು ಅಲ್ಲಿ ಗಂಟೆಗೆ 50 ಕಿಲೋಮೀಟರಿನ ವೇಗದಲ್ಲೇ ನಿಧಾನವಾಗಿ, ಸ್ಥಿರವಾಗಿ ಸಿಗುತ್ತವೆ. ತಿದ್ದುಪಡಿಯ ಸೂತ್ರ ಸರಳ. ಅಳೆದ ಲ್ಯಾಂಬ್ಡಾವನ್ನು ಗುರಿಯ ಲ್ಯಾಂಬ್ಡಾದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಆ ಮನೆಯ ಇಂಧನವನ್ನು ಗುಣಿಸುವುದು. 0.97 ಅಳೆದ ಕಡೆ 0.88 ಬೇಕಿದ್ದರೆ 1.10ರಿಂದ ಗುಣಿಸಬೇಕು. ಹಾಗೆ ತಿದ್ದಿದ ಮನೆ ಅಕ್ಕಪಕ್ಕದವಕ್ಕಿಂತ ಗುಡ್ಡದಂತೆ ಎದ್ದು ನಿಂತರೆ, ಎಂಜಿನ್ನಿಗಿಂತ ಮೊದಲು ನಿಮ್ಮ ಅಳತೆಯನ್ನು ಅನುಮಾನಿಸಿ. ಸಿಲಿಂಡರಿನ ಉಸಿರಾಟ ವೇಗದೊಡನೆ ನಯವಾಗಿ ಬದಲಾಗುತ್ತದೆಯೇ ಹೊರತು ಮೆಟ್ಟಿಲು ಹತ್ತುವುದಿಲ್ಲ. ಥ್ರಾಟಲನ್ನು ಥಟ್ಟನೆ ಒತ್ತಿದ ಕ್ಷಣಗಳ ದಾಖಲೆಯನ್ನು ತೆಗೆದುಹಾಕಬೇಕು, ಏಕೆಂದರೆ ಆಗ ಸಿಂಪಡಿಸಿದ ಪೆಟ್ರೋಲಿನ ಒಂದು ಭಾಗ ಕೊಳವೆಯ ಗೋಡೆಗೆ ಹತ್ತಿಕೊಂಡು ತಡವಾಗಿ ಒಳಹೋಗುತ್ತದೆ, ಮೀಟರು ಹಳೆಯ ಕತೆಯನ್ನೇ ಹೇಳುತ್ತಿರುತ್ತದೆ.

ಘಾಟಿಯ ದಾಖಲೆಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ವಾಯುಭಾರ 88 ಕಿಲೋಪ್ಯಾಸ್ಕಲಿನ ಆಸುಪಾಸಿಗೆ ಇಳಿಯುವುದರಿಂದ, ಎಷ್ಟು ಒತ್ತಿದರೂ 100ರ ಸಾಲು ಅಲ್ಲಿ ಸಿಗುವುದೇ ಇಲ್ಲ. ಆ ಸಾಲನ್ನು ತುಂಬಲು ಕರಾವಳಿಗೇ ಇಳಿಯಬೇಕು. ಒತ್ತಡದ ಸೆನ್ಸರ್ ಎತ್ತರವನ್ನು ಬಹುಮಟ್ಟಿಗೆ ತಾನೇ ನಿಭಾಯಿಸುತ್ತದೆ, ಉಳಿದದ್ದಕ್ಕೆ ಇಸಿಯು ಒಳಗೆ ವಾಯುಭಾರದ ಪ್ರತ್ಯೇಕ ಸೆನ್ಸರಿದೆ. ಯಾವ ಸೆನ್ಸರಿಗೂ ಕಾಣದಿರುವುದು ನಮ್ಮ ಸೆಕೆ. 32 ಡಿಗ್ರಿಯ, ಶೇಕಡಾ 80 ಆರ್ದ್ರತೆಯ ದಿನ ವಾಯುಭಾರದ 101ರಲ್ಲಿ ಸುಮಾರು 3.8 ಕಿಲೋಪ್ಯಾಸ್ಕಲ್ ನೀರಾವಿಯದ್ದೇ. ಅಷ್ಟು ಜಾಗ ಉರಿಯಲಾಗದ ಆವಿಗೆ ಹೋಯಿತು. ಒತ್ತಡದ ಸೆನ್ಸರಿಗೆ ಎರಡೂ ಗಾಳಿಯೇ. ಹಾಗಾಗಿ ಮಳೆಗಾಲದಲ್ಲಿ ಸರಿಯೆನಿಸಿದ ಮಿಶ್ರಣ ಒಣಹವೆಯಲ್ಲಿ ಮೂರು ನಾಲ್ಕು ಶೇಕಡಾ ತೆಳುವಾಗುತ್ತದೆ. ಆ ಅಂತರವನ್ನು ಬಿಟ್ಟೇ ಗುರಿ ಇಡಬೇಕು. ಆಟಿಯಲ್ಲಿ ಟ್ಯೂನ್ ಮಾಡುವವರು ತುಸು ಧಾರಾಳಿಗಳಾಗಿರುವುದು ಒಳ್ಳೆಯದು. ಚಳಿಗಾಲದ ಸ್ಟಾರ್ಟಿಂಗ್ ಕೋಷ್ಟಕದ ಬಗ್ಗೆ ನಾನು ಸಮಯ ಕಳೆಯಲಿಲ್ಲ.

ಕಿಡಿಯ ಕೋಷ್ಟಕವನ್ನು ಮೇಲಕ್ಕೆ ಒಯ್ಯಬೇಕಿದ್ದರೆ, ಮತ್ತು ಪೂರ್ತಿ ಥ್ರಾಟಲಿನಲ್ಲಿ 7000ದ ಆಚೆಯ ಮನೆಗಳನ್ನು ನೋಡಬೇಕಿದ್ದರೆ, ಡೈನೊ ಬೇಕೇ ಬೇಕು. ಆರು ಲೇನಿನ ಹೊಸ ಹೆದ್ದಾರಿ ಎಷ್ಟೇ ನುಣುಪಾಗಿದ್ದರೂ ಅದು ಪ್ರಯೋಗಶಾಲೆಯಲ್ಲ. ಡೈನೊದಲ್ಲಿ ಭಾರವನ್ನು ಸ್ಥಿರವಾಗಿ ಹಿಡಿದು ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದೆ ತರುತ್ತ ಟಾರ್ಕನ್ನು ಗಮನಿಸುತ್ತಾರೆ: ಏರುತ್ತ ಹೋಗಿ ಒಂದು ಹಂತದಲ್ಲಿ ಸಮತಟ್ಟಾಗುತ್ತದೆ, ಆ ಸಮತಟ್ಟು ಆರಂಭವಾಗುವಲ್ಲೇ ನಿಲ್ಲಬೇಕು. ಅದಕ್ಕೂ ಮೊದಲೇ ನಾಕಿಂಗ್ ಕೇಳಿಸಿದರೆ ಎರಡು ಡಿಗ್ರಿ ಹಿಂದೆ ಬರಬೇಕು. ಕೇಳಿಸಿಕೊಳ್ಳಲು ಕಿವಿಯೊಂದೇ ಸಾಲದು. ತಾಮ್ರದ ಕೊಳವೆಯ ಒಂದು ತುದಿಯನ್ನು ಚಪ್ಪಟೆಗೊಳಿಸಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿ, ಇನ್ನೊಂದು ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಇಯರ್‌ಮಫ್ ಒಳಗೆ ತಂದರೆ ವೈದ್ಯರ ಸ್ಟೆತಸ್ಕೋಪಿನಂತೆ ಕೆಲಸ ಮಾಡುತ್ತದೆ. ಸ್ಪಾರ್ಕ್ ಪ್ಲಗ್ ಕಳಚಿ ಭೂತಗನ್ನಡಿಯಲ್ಲಿ ನೋಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಬೆಳ್ಳಿಯ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ನಾವು ಡೈನೊಗೆ ಹೋಗಲಿಲ್ಲ. ಕಾರ್ಖಾನೆಯ ಕಿಡಿ ಕೋಷ್ಟಕಕ್ಕೆ ತೃಪ್ತರಾಗಿ, ಇಂಧನವನ್ನು ಮಾತ್ರ ತಿದ್ದಿ, ಇಂಜೆಕ್ಟರಿನ ಡ್ಯೂಟಿ ಮಿತಿ ಮೀರದಿರಲೆಂದು ರೆವ್ ಮಿತಿಯನ್ನು 7200ಕ್ಕೆ ಇಳಿಸಿದೆವು. ದೊಡ್ಡ ಇಂಜೆಕ್ಟರು ಹಾಕಬಹುದಿತ್ತು, ಆದರೆ ಆಗ ಅವು ತೆರೆದುಕೊಳ್ಳುವ ತಡ, ಬ್ಯಾಟರಿ ವೋಲ್ಟೇಜಿಗೆ ತಕ್ಕಂತೆ ಅದು ಬದಲಾಗುವ ರೀತಿ, ಐಡಲ್, ಎಲ್ಲವನ್ನೂ ಮೊದಲಿನಿಂದ ಅಳೆಯಬೇಕಾಗುತ್ತಿತ್ತು. ಆರು ತಿಂಗಳ ಅತಿಥಿಗೆ ಅಷ್ಟು ಉಪಚಾರ ಅತಿಯೆನಿಸಿತು.

ಕಾನೂನಿನ ಮಾತನ್ನೂ ಹೇಳದೆ ಬಿಡುವಂತಿಲ್ಲ. ಇಲ್ಲಿ ನೋಂದಣಿಯಾದ ವಾಹನವನ್ನು ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ನಿರ್ಬಂಧಿಸುತ್ತದೆ, ಕೇರಳದಲ್ಲಿ ಇದರ ತಪಾಸಣೆ ಬಿಗಿಯಾಗಿಯೇ ಇದೆ. ಹೊಗೆಯ ವಿಷವನ್ನು ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ, ಲ್ಯಾಂಬ್ಡಾ ಸೆನ್ಸರನ್ನು ಕುರುಡಾಗಿಸಿ ಮಾಡುವ ಟ್ಯೂನಿಂಗ್ ನನ್ನ ಮೇಜಿನ ಮೇಲೆ ನಡೆಯುವುದಿಲ್ಲ.

ಆಟಿ ಮುಗಿದು ಸೋಣ ತಿಂಗಳ ಮೊದಲ ವಾರ ಅದೇ ಘಾಟಿಯನ್ನು ಅದೇ ಗೇರಿನಲ್ಲಿ ಹತ್ತಿದಾಗ ಕೇಳಿಸಿದ್ದು ಮಳೆಯ ಸದ್ದು ಮಾತ್ರ. ದಾಖಲೆಯಲ್ಲಿ ಲ್ಯಾಂಬ್ಡಾ 0.87 ಮತ್ತು 0.89ರ ನಡುವೆ ಇತ್ತು, ಪ್ಲಗ್ಗುಗಳು ಸ್ವಚ್ಛವಾಗಿದ್ದವು. ಕಾರ್ನೆಟ್ಟಿನ ಅವಧಿ ಮುಗಿದು ಕಾರು ಹಡಗು ಹತ್ತುವ ಮುಂಚೆ ಅವನಿಗೆ ಎರಡು ಚಿಪ್ಪು ಕೊಟ್ಟೆ: ಒಂದು ಇ20ಕ್ಕೆ, ಇನ್ನೊಂದು ಎಥನಾಲಿಲ್ಲದ ಪೆಟ್ರೋಲಿಗೆ, ಅದರಲ್ಲಿ ಇಂಧನದ ಅಂಕಿಗಳು ಸುಮಾರು ಏಳು ಶೇಕಡಾ ಕಡಿಮೆ. ಎರಡರ ಗಾಜಿನ ಮೇಲೂ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ, ಅದರ ಮೇಲೆ ಬಿಳಿ ಚೀಟಿಯಲ್ಲಿ ಇಂಧನ ಯಾವುದು, ಮೂಲ ಟೈಮಿಂಗ್ ಎಷ್ಟು, ತಾರೀಖು ಯಾವುದು ಎಂದು ಬರೆದೆ. ಸಾಕೆಟಿಗೆ ಹಾಕುವಾಗ ಕಚ್ಚು ಇರುವ ತುದಿ ಯಾವ ಕಡೆ ಬರಬೇಕೆಂದು ಬಾಣದ ಗುರುತನ್ನೂ ಹಾಕಿದ್ದೇನೆ. ತಿರುಗುಮುರುಗಾಗಿ ಕೂರಿಸಿ ಕೀಲಿ ತಿರುಗಿಸಿದರೆ ಚಿಪ್ಪು ಕೈಗೆ ಅಂಟುವಷ್ಟು ಬಿಸಿಯಾಗಿ ಸತ್ತುಹೋಗುತ್ತದೆ, ಮತ್ತೆ ಯಾವ ಯುವಿ ದೀಪವೂ ಅದನ್ನು ಬದುಕಿಸದು.